ಪದ ಪರಿಚಯ: ಸ್ಟೈಲ್ ಶೀಟ್

ಒಂದು ಹಸ್ತಪ್ರತಿಯನ್ನು ತಿದ್ದುವಾಗ ಸಂಪಾದಕರು ತೆಗೆದುಕೊಂಡ ತೀರ್ಮಾನಗಳನ್ನು ಅಲ್ಲಲ್ಲೇ ಬರೆದಿಟ್ಟುಕೊಂಡ ಪಟ್ಟಿಗೆ ಸ್ಟೈಲ್ ಶೀಟ್ ಎನ್ನುತ್ತಾರೆ. ಯಾವ ಪದವನ್ನು ಹೇಗೆ ಬರೆಯುವುದು, ಅಂಕಿ ೧೨ ಎಂದಿರಬೇಕೋ 12 ಎಂದೋ, ಪಾತ್ರಗಳ ಹೆಸರು, ವಯಸ್ಸು, ನಂಟು, ಯಾವ ಘಟನೆ ಯಾವ ವರ್ಷದ್ದು, ಇವೆಲ್ಲ ಅದರಲ್ಲಿ ಸೇರುತ್ತವೆ. ವೆಬ್‌ಸೈಟ್ ಕಟ್ಟುವವರೂ ಈ ಹೆಸರು ಬಳಸುತ್ತಾರೆ. ಅದು ಅಕ್ಷರದ ಗಾತ್ರ, ಬಣ್ಣಗಳ ಲೆಕ್ಕ. ಇಲ್ಲಿನ ಮಾತು ಪುಸ್ತಕ ತಿದ್ದುವವರದು.

ಜೊತೆಗೇ ಕೇಳಿಬರುವ ಇನ್ನೊಂದು ಮಾತು ಹೌಸ್ ಸ್ಟೈಲ್. ಅದು ಪ್ರಕಾಶನ ಸಂಸ್ಥೆಯ ನಿಯಮ, ಅಲ್ಲಿಂದ ಬರುವ ಎಲ್ಲ ಪುಸ್ತಕಗಳಿಗೂ ಅನ್ವಯ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಹೊರೇಸ್ ಹಾರ್ಟ್ 1893ರಲ್ಲಿ ಮೊಳೆ ಜೋಡಿಸುವವರಿಗೆ, ಕರಡು ನೋಡುವವರಿಗೆ ಎಂದು ಒಂದೇ ಹಾಳೆಯಲ್ಲಿ ಇಂಥ ನಿಯಮಗಳನ್ನು ಅಚ್ಚು ಹಾಕಿಸಿದ್ದರು. ಅದು ಬೆಳೆದು 1904ರಲ್ಲಿ ಪುಸ್ತಕವಾಗಿ ಮಾರಾಟಕ್ಕೆ ಬಂತು. ಶಿಕಾಗೋ ವಿಶ್ವವಿದ್ಯಾಲಯದ ಪ್ರೆಸ್ ತನ್ನ ಕೈಪಿಡಿಯನ್ನು 1906ರಲ್ಲಿ ತಂದಿತು. ಇಂಗ್ಲಿಷಿನಲ್ಲಿ ಕೆಲಸ ಮಾಡುವ ಫ್ರೀಲಾನ್ಸ್ ಸಂಪಾದಕರು ಇಂಥದ್ದೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅದು ಹೇಳದೆ ಬಿಟ್ಟದ್ದನ್ನು ಮಾತ್ರ ತಮ್ಮ ಶೀಟಿಗೆ ಬರೆದುಕೊಂಡರೆ ಸಾಕಾಗುತ್ತದೆ. ಕನ್ನಡದ ಎಷ್ಟೋ ಸಣ್ಣ ಪ್ರಕಾಶನಗಳಲ್ಲಿ ಬರೆದಿಟ್ಟ ನಿಯಮವೇ ಇರುವುದಿಲ್ಲ. ಇರುವುದು ಒಬ್ಬಿಬ್ಬರ ತಲೆಯಲ್ಲಿ. ಹಾಗಾಗಿ ಹೊರಗಿನಿಂದ ಬಂದು ತಿದ್ದುವವರ ಸ್ಟೈಲ್ ಶೀಟೇ ಆ ಪುಸ್ತಕಕ್ಕೆ ಇರುವ ಒಂದೇ ದಾಖಲೆ.

ಅದರೊಳಗೆ ಏನಿರುತ್ತದೆ? ಸರ್ಕಾರವೋ ಸರಕಾರವೋ ಎಂಬಲ್ಲಿಂದ ಶುರುವಾಗುತ್ತದೆ. ಎರಡೂ ಸರಿ, ಎರಡೂ ರೂಢಿಯಲ್ಲಿವೆ. ಒಂದೇ ಪುಸ್ತಕದಲ್ಲಿ ಎರಡೂ ಇದ್ದರೆ ಓದುವವರ ಕಣ್ಣು ಎಡವುತ್ತದೆ. ಒಂದನ್ನು ಆರಿಸಿ ಬರೆದಿಟ್ಟುಕೊಳ್ಳಬೇಕು. ಪಕ್ಕದಲ್ಲೇ ‘ಉದ್ಧರಣೆಗಳಲ್ಲಿ ಮೂಲದಂತೆ’ ಎಂದೂ ಸೇರಿಸಬೇಕು. ಆಮೇಲೆ ಬರುವುದು ಕನ್ನಡದಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕು: ಎರವಲು ಪದಗಳಿಗೆ ವಿಭಕ್ತಿ ಹಚ್ಚುವ ಬಗೆ. ಬಸ್‌ನಲ್ಲಿ ಎನ್ನುವುದೋ ಬಸ್ಸಿನಲ್ಲಿ ಎನ್ನುವುದೋ? ಕಾಲೇಜ್‌ಗೆ ಅಥವಾ ಕಾಲೇಜಿಗೆ? ನನ್ನ ಒಲವು ಬಸ್ಸಿನಲ್ಲಿ, ಕಾಲೇಜಿಗೆ ಎಂಬ ಕಡೆಗೆ, ಬಾಯಿ ಹಾಗೇ ಆಡುತ್ತದೆ. ಲೇಖಕರ ಒಲವು ಬೇರೆಯಿದ್ದು ಅದು ಪುಸ್ತಕದುದ್ದಕ್ಕೂ ಒಂದೇ ರೀತಿ ಇದ್ದರೆ ಅದೇ ಶೀಟಿಗೆ ಹೋಗಬೇಕು.

ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸುವ ಸೌಲಭ್ಯವನ್ನು ನಂಬಿ ಈ ಪಟ್ಟಿ ಬೇಡವೆನ್ನುವವರಿದ್ದಾರೆ. ‘ಬಸ್’ ಇದ್ದಲ್ಲೆಲ್ಲ ‘ಬಸ್ಸು’ ಮಾಡು ಎಂದರೆ ಮೊದಲೇ ಸರಿಯಿದ್ದ ‘ಬಸ್ಸು’ ಕೂಡ ‘ಬಸ್ಸುಸು’ ಆಗುತ್ತದೆ. ಸಾಫ್ಟ್‌ವೇರ್ ಎಂದು ಹುಡುಕಿದರೆ, ಒತ್ತಕ್ಷರ ಬಂದಿರುವ ಸಾಫ್ಟ್ವೇರ್ ಸಿಗದೆ ಹೋಗಬಹುದು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ ಕೊಟ್ಟಿದ್ದರೆ ಕೆಟ್ಟ ಒತ್ತಕ್ಷರಗಳ ಕಾಟ ಬೇರೆ. ಯಾವ ಯಾವ ರೂಪಗಳನ್ನು ಹುಡುಕಿದ್ದಾಯಿತು ಎಂದೂ ಬರೆದಿಟ್ಟರೆ ಪ್ರೂಫ್ ಹಂತದಲ್ಲಿ ಅದೇ ಕೆಲಸ ಮತ್ತೆ ಮಾಡಬೇಕಾಗುವುದಿಲ್ಲ.

ಕಥೆ ಕಾದಂಬರಿಗಳಿಗೆ ಕಾಲದ ಪಟ್ಟಿಯೂ ಬೇಕು. 1965ರಲ್ಲಿ ನಡೆಯುವ ಕಥೆಯ ಗುಮಾಸ್ತ ಕರ್ನಾಟಕ ಸರ್ಕಾರದ ನೌಕರ ಆಗಲಾರ. ಮೈಸೂರು ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ, ಆದ್ದರಿಂದ 1950ರ ಅಂಗಡಿಯಲ್ಲಿ ಇಪ್ಪತ್ತೈದು ಪೈಸೆ ಎಂದರೆ ತಪ್ಪು. 1970ರ ಸಂಭಾಷಣೆಯಲ್ಲಿ ನಾಲ್ಕಾಣೆ ಇದ್ದರೆ ಮುಟ್ಟಬಾರದು, ಜನ ಹಾಗೇ ಅನ್ನುತ್ತಿದ್ದರು.

ಈ ಪಟ್ಟಿಯ ಅತಿ ಮುಖ್ಯವಾದ ಉಪಯೋಗ, ನನ್ನ ಮಟ್ಟಿಗೆ, ತಿದ್ದಬಾರದ್ದನ್ನು ಕಾಯುವುದು. ಧಾರವಾಡದ ಕಡೆಯ ಕಾದಂಬರಿಯಲ್ಲಿ ಒಬ್ಬರು ‘ಏನ್ ಮಾಡಾಕತ್ತೀ’ ಅನ್ನುತ್ತಾರೆ, ಇನ್ನೊಬ್ಬರು ‘ಏನ್ ಮಾಡ್ಲಿಕ್ಹತ್ತೀ’ ಅನ್ನುತ್ತಾರೆ. ಮನೆತನ, ಸಮುದಾಯ ನೋಡಿ ಮಾತು ಬೇರೆಯಾಗುತ್ತದೆ. ಏಕರೂಪದ ಹೆಸರಿನಲ್ಲಿ ಎರಡನ್ನೂ ಒಂದು ಮಾಡಿದರೆ ಲೇಖಕರು ಕಿವಿಗೊಟ್ಟು ಕೇಳಿ ಬರೆದದ್ದು ಅಳಿಸಿಹೋಗುತ್ತದೆ. ಯಾವ ಪಾತ್ರದ ಬಾಯಲ್ಲಿ ಯಾವ ರೂಪ ಎಂದು ಹೆಸರು ಹಾಕಿ ಬರೆದಿಡಿ. ಆಗ ಬೇರೆ ಊರಿನಲ್ಲಿ ಕೂತ ಡಿಟಿಪಿಯವರಾಗಲಿ, ಪ್ರೂಫ್ ನೋಡುವವರಾಗಲಿ ಒಳ್ಳೆಯ ಮನಸ್ಸಿನಿಂದಲೇ ಅದನ್ನು ‘ಮಾಡುತ್ತಿದ್ದೀಯ’ ಎಂದು ತಿದ್ದಿಬಿಡುವ ಅಪಾಯವಿರುವುದಿಲ್ಲ.

ಮಾಡುವ ರೀತಿ ಸರಳ. ಒಂದು ಖಾಲಿ ಕಡತ, ಅಕಾರಾದಿ ಕ್ರಮ. ಪದ ಮೊದಲ ಸಲ ಎದುರಾದಾಗಲೇ ಪುಟಸಂಖ್ಯೆ ಸಮೇತ ಬರೆಯಬೇಕು. ಕೊನೆಗೆ ನೆನಪಿನಿಂದ ಬರೆಯುತ್ತೇನೆಂದರೆ ಆಗದು. ಅನುಮಾನವಿದ್ದರೆ ಪಕ್ಕದಲ್ಲಿ ‘ಲೇಖಕರನ್ನು ಕೇಳಿ’ ಎಂದು ಗುರುತು. ಮೊದಲ ಅಧ್ಯಾಯ ಮುಗಿದ ಕೂಡಲೇ ಪಟ್ಟಿಯನ್ನು ಲೇಖಕರಿಗೆ ಕಳಿಸಿ ಒಪ್ಪಿಗೆ ಪಡೆದರೆ ಪುಸ್ತಕ ಮುಗಿದ ಮೇಲೆ ತಕರಾರು ಏಳುವುದು ಕಡಿಮೆ.

ಚೆನ್ನಾಗಿ ತಿದ್ದಿದ ಪುಸ್ತಕದಲ್ಲಿ ತಿದ್ದಿದ್ದು ಕಾಣುವುದಿಲ್ಲ. ‘ಅಕ್ಷರ ತಪ್ಪು ನೋಡಿದ್ದಕ್ಕೆ ಇಷ್ಟು ದುಡ್ಡೇ?’ ಎಂದು ಕೇಳುವವರ ಮುಂದೆ ಇಡಲು ಕೈಯಲ್ಲಿರುವುದು ಈ ಪಟ್ಟಿ. ಬಿಲ್ಲಿನ ಜೊತೆ ಅದನ್ನೂ ಕಳಿಸುವುದು ಒಳ್ಳೆಯ ರೂಢಿ, ಸಂಭಾವನೆ ಹೇಳುವಾಗ ಅದಕ್ಕೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹೊಸ ಪ್ರಕಾಶಕರಿಗೆ ಕೆಲಸದ ಮಾದರಿಯಾಗಿ ತೋರಿಸುವುದಾದರೆ ಲೇಖಕರ ಅನುಮತಿ ಬೇಕು, ಪುಸ್ತಕ ಇನ್ನೂ ಹೊರಬಂದಿಲ್ಲವಾದರೆ ಪಾತ್ರಗಳ ಹೆಸರು ತೆಗೆದು ತೋರಿಸಬೇಕು. ನಿಮ್ಮ ಬಳಿಯೂ ಒಂದು ಪ್ರತಿ ಇರಲಿ: ಎರಡನೇ ಮುದ್ರಣಕ್ಕೋ ಅದೇ ಲೇಖಕರ ಮುಂದಿನ ಪುಸ್ತಕಕ್ಕೋ ಕರೆ ಬಂದಾಗ ಮೊದಲು ತೆರೆಯುವ ಕಡತ ಅದೇ.