ಕತ್ತಿನ ಕಪ್ಪು ಕೊಳೆಯಲ್ಲ

ಹುಡುಗಿಗೆ 16 ವರ್ಷ. ಕೂರುವ ಮೊದಲೇ ಅಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಮೇಜಿನ ಮೇಲಿಟ್ಟರು. ‘ಓವರಿ ತುಂಬಾ ನೀರುಗುಳ್ಳೆ ಅಂತೆ ಡಾಕ್ಟ್ರೇ, ಆಪರೇಷನ್ ಮಾಡಿಸ್ಬೇಕಾ?’

ಬೇಡ. ಅವು ಗಡ್ಡೆಗಳೇ ಅಲ್ಲ. ಬೆಳೆಯಲು ಶುರುವಾಗಿ ಅರ್ಧಕ್ಕೇ ನಿಂತ ಅಂಡಾಣುಗಳ ಪುಟ್ಟ ಚೀಲಗಳು, ಒಂದೊಂದೂ 2ರಿಂದ 9 ಮಿಲಿಮೀಟರ್ ಅಷ್ಟೇ. ಈ ವಯಸ್ಸಿನಲ್ಲಿ ಏನೂ ತೊಂದರೆ ಇಲ್ಲದ ಹುಡುಗಿಯರ ಓವರಿಯೂ ಹೀಗೇ ಕಾಣಿಸಬಹುದು. ಹಾಗಾಗಿ ಹದಿಹರೆಯದವರಲ್ಲಿ ಸ್ಕ್ಯಾನಿಂಗ್ ನೋಡಿ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಅನ್ನಬೇಡಿ ಎನ್ನುತ್ತದೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಈ ಚೀಲಗಳು ಸುರಿಸುವ ಹಾರ್ಮೋನನ್ನು ಅಳೆಯುವ ಎಎಂಎಚ್ ರಕ್ತಪರೀಕ್ಷೆಗೂ ಇದೇ ಮಾತು. ಸುಮ್ನೆ ದುಡ್ಡು ದಂಡ, ಜೊತೆಗೆ ಗಾಬರಿ.

ರಿಪೋರ್ಟ್ ಪಕ್ಕಕ್ಕಿಟ್ಟು ಡೇಟ್ ಕೇಳಿದೆ. ದೊಡ್ಡವಳಾಗಿ 4 ವರ್ಷ, ಕಳೆದ ವರ್ಷ ಮುಟ್ಟಾದದ್ದು ಐದೇ ಸಲ. ಗಲ್ಲದ ಕೆಳಗೆ ಗಡುಸು ಕೂದಲು. ಈ ವಯಸ್ಸಿನಲ್ಲಿ ಪಿಸಿಓಎಸ್ ಅನ್ನಲು ನಮಗೆ ಬೇಕಾದದ್ದು ಇವೆರಡೇ: ತಪ್ಪುವ ಮುಟ್ಟು, ಗಂಡು ಹಾರ್ಮೋನ್ ಹೆಚ್ಚಾದ ಗುರುತು. ಥೈರಾಯ್ಡ್, ಎದೆಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್‌ನಂಥ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಂಡರೆ ಆಯಿತು.

ಹುಡುಗಿ ವೇಲನ್ನು ಕತ್ತಿಗೆ ಸುತ್ತಿಕೊಂಡೇ ಕೂತಿದ್ದಳು. ಸರಿಸಲು ಹೇಳಿದೆ. ಹಿಂಗತ್ತಿನಲ್ಲಿ ದಪ್ಪನೆಯ ಕಪ್ಪು ಪಟ್ಟಿ. ‘ಕೊಳೆ ಅಂತ ಕಡ್ಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಸಾಕಾಯ್ತು’ ಅಂದರು ಅಮ್ಮ. ಸ್ಕ್ಯಾನಿಂಗ್ ಹೇಳದಿದ್ದದ್ದನ್ನು ಆ ಕತ್ತು ಹೇಳುತ್ತಿತ್ತು. ದೇಹ ಇನ್ಸುಲಿನ್ ಮಾತು ಕೇಳದಿದ್ದಾಗ ಇನ್ಸುಲಿನ್ ಇನ್ನೂ ಜಾಸ್ತಿ ತಯಾರಾಗುತ್ತದೆ. ಚರ್ಮ ಹೀಗೆ ಕಪ್ಪಾಗುತ್ತದೆ, ಓವರಿ ಗಂಡು ಹಾರ್ಮೋನನ್ನು ಹೆಚ್ಚಿಗೆ ಸುರಿಸುತ್ತದೆ. ಕೂದಲು, ಮೊಡವೆ, ತಪ್ಪುವ ಡೇಟ್ ಎಲ್ಲದರಲ್ಲೂ ಆ ಗಂಡು ಹಾರ್ಮೋನಿನ ಕೈ ಇದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಬರೆದೆ.

‘ಮದುವೆಯಾದ್ರೆ ಸರಿಹೋಗುತ್ತೆ’ ಅನ್ನೋರನ್ನು ಕಂಡರೆ ನನಗೆ ಸಿಟ್ಟು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಮೂರು ತಿಂಗಳು ದಾಟಲು ಬಿಡಬಾರದು. ಅದಕ್ಕೇ ಹಾರ್ಮೋನ್ ಮಾತ್ರೆ ಕೊಟ್ಟೆ. ಅಮ್ಮ ದನಿ ತಗ್ಗಿಸಿದರು: ‘ಇದು ಮಕ್ಕಳಾಗದಿರೋಕೆ ತಗೊಳ್ಳೋದಲ್ವಾ?’ ಹೌದು, ಆದರೆ ಇವಳಿಗೆ ಡೇಟ್ ಸರಿಮಾಡಲು, ಕೂದಲು ತಗ್ಗಿಸಲು. ಮಾತ್ರೆ ನಿಲ್ಲಿಸಿದ ಮೇಲೆ ಮಕ್ಕಳಾಗಲು ಅದು ಅಡ್ಡಿಯಲ್ಲ. ಮುಂದೆ ಬೇಕೆಂದಾಗ ಅಂಡಾಣು ಬಿಡಿಸಲು ಲೆಟ್ರೊಜೋಲ್ ಮಾತ್ರೆ ಇದೆ. ಕೂದಲಿಗೆ ಮಾತ್ರ ಕನಿಷ್ಠ 6 ತಿಂಗಳು ತಾಳ್ಮೆ ಬೇಕು. ಸಕ್ಕರೆ ರಿಪೋರ್ಟ್ ನೋಡಿ, ದೇಹ ಇನ್ಸುಲಿನ್ ಮಾತು ಕೇಳುವಂತೆ ಮಾಡುವ ಮೆಟ್‌ಫಾರ್ಮಿನ್ ಬೇಕಾ ಅಂತ ತೀರ್ಮಾನಿಸೋಣ ಅಂದೆ. ಸಂಜೆ ಟ್ಯೂಷನ್‌ಗೆ ನಡೆದೇ ಹೋಗಲು ಒಪ್ಪಿಸಿದೆ.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಏಳುವಾಗ ಒಂದೇ ಒಂದು ಕೇಳಿದಳು. ‘ಕತ್ತು ಉಜ್ಜೋದು ನಿಲ್ಲಿಸ್ಬಹುದಾ ಮೇಡಂ?’

ಇವತ್ತಿಂದಲೇ, ಅಂದೆ.