ಸಬ್ ವೂಫರ್ ಬಾಕ್ಸಿಗೆ ಎಂಡಿಎಫ್ ತರಲಾ, ಮನೆಯ ಸಿಲ್ವರ್ ಹಲಗೆ ಸಾಕಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ. ಕಾರಿಗೆ ಅಂತ 12 ಇಂಚಿನ ಸಬ್ ವೂಫರ್ (ಬೇಸ್, ಅಂದರೆ ತಗ್ಗಿನ ಸದ್ದು ಕೊಡುವ ದೊಡ್ಡ ಸ್ಪೀಕರ್) ತಂದಿಟ್ಟಿದ್ದೇನೆ. ಬಾಕ್ಸ್ ನಾನೇ ಮಾಡಬೇಕು ಅಂತ ಆಸೆ, ಇದೇ ಮೊದಲು. ವಿಡಿಯೊಗಳಲ್ಲಿ ಎಲ್ಲರೂ ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಅಂತಾರೆ. ಮನೆಯಲ್ಲಿ ಸಿಲ್ವರ್ (ಸಿಲ್ವರ್ ಓಕ್) ಮರದ ಹಲಗೆ ಬೇಕಾದಷ್ಟಿದೆ. ಯಾವುದರಲ್ಲಿ ಮಾಡಲಿ?

ಉತ್ತರ: ಎರಡೂ ಬೇಡ. 18 ಮಿ.ಮೀ. ಪ್ಲೈವುಡ್ ತನ್ನಿ. ಅದರಲ್ಲೂ ಐಎಸ್ 710 (ನೀರು ತಡೆಯುವ ಪ್ಲೈವುಡ್‌ನ ಗುಣಮಟ್ಟದ ಗುರುತು) ಅಂತ ಮುದ್ರೆ ಇರುವುದೇ ಆಗಬೇಕು. ಅಂಗಡಿಯಲ್ಲಿ ಮರೀನ್ ಪ್ಲೈ ಅಂದರೆ ಗೊತ್ತಾಗುತ್ತದೆ. ದುಡ್ಡು ಜಾಸ್ತಿ, ನಿಜ. ಆದರೆ ನಿಮಗೆ ಬೇಕಾಗಿರುವುದು ಅರ್ಧ ಶೀಟ್ ಮಾತ್ರ.

ಕಾರಣ ಹೇಳುತ್ತೇನೆ. ಸ್ಪೀಕರಿನ ಕೋನ್ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಮುಂದೆ ಹೋದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಎರಡೂ ಒಟ್ಟು ಸೇರಿದರೆ ಬೇಸ್ ಅಲ್ಲೇ ಸತ್ತು ಹೋಗುತ್ತದೆ. ಇವೆರಡನ್ನೂ ಬೇರೆ ಇಡುವುದು ಬಾಕ್ಸಿನ ಮೊದಲ ಕೆಲಸ. ಪೂರ್ತಿ ಮುಚ್ಚಿದ ಬಾಕ್ಸಿನಲ್ಲಿ ಇನ್ನೂ ಒಂದು ಕೆಲಸ ಇದೆ. ಒಳಗಿರುವ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು ಹಿಡಿತದಲ್ಲಿಡುತ್ತದೆ. ಸಂದಿಯಲ್ಲಿ ಗಾಳಿ ಸೋರಿದರೆ ಆ ಹಿಡಿತ ಹೋಯಿತು, ಜೊತೆಗೆ ಪುಸ್ ಪುಸ್ ಅಂತ ಸದ್ದು ಬೇರೆ. ಹಾಗಾಗಿ ವರ್ಷಗಟ್ಟಲೆ ಗಾಳಿ ಸೋರದ ಹಲಗೆ ಯಾವುದು ಅಂತ ನೋಡಬೇಕು.

ಎಂಡಿಎಫ್ ಕೆಟ್ಟದ್ದಲ್ಲ. ದಟ್ಟವಾಗಿದೆ, ಸಮತಟ್ಟಾಗಿದೆ, ಅಗ್ಗ, ಕೊಯ್ಯುವುದೂ ಸುಲಭ. ಒಣ ಊರಿನವರು ಧಾರಾಳವಾಗಿ ಬಳಸಲಿ. ನಮ್ಮ ಕೊಡಗಿನಲ್ಲಿ ಜೂನಿನಿಂದ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ. ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಒದ್ದೆ ಕೊಡೆ, ರೈನ್‌ಕೋಟ್, ತೋಟದ ಬೂಟು ಎಲ್ಲ ಡಿಕ್ಕಿಗೇ ಬೀಳುತ್ತವೆ ಅಲ್ವಾ? ಎಂಡಿಎಫ್‌ನ ಕೊಯ್ದ ಅಂಚು ಆ ತೇವವನ್ನು ಹೀರಿ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಸ್ಕ್ರೂ ತೂತಿನ ಸುತ್ತ ಪುಡಿ ಪುಡಿಯಾಗಿ ಹಿಡಿತ ಬಿಡುತ್ತದೆ.

ಸಿಲ್ವರ್ ಹಲಗೆಯ ತೊಂದರೆ ಬೇರೆ. ಯಾವ ಮರದ ಹಲಗೆಯೇ ಆಗಲಿ, ಬೇಸಿಗೆಯಲ್ಲಿ ಅಗಲ ಕುಗ್ಗಿ, ಮಳೆಯಲ್ಲಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಇದರಿಂದಲೇ. ಬಾಗಿಲಿಗೆ ಅದು ನಡೆಯುತ್ತದೆ, ಬಾಕ್ಸಿನ ಮೂಲೆಗಳು ಮಾತ್ರ ಬಾಯಿ ಬಿಡುತ್ತವೆ. ಪ್ಲೈವುಡ್‌ನಲ್ಲಿ ಪದರಗಳನ್ನು ಅಡ್ಡ ಉದ್ದ ಕೂರಿಸಿ ಅಂಟಿಸಿರುವುದರಿಂದ ಒಂದು ಪದರ ಇನ್ನೊಂದನ್ನು ಹಿಗ್ಗಲು ಬಿಡುವುದಿಲ್ಲ.

ಅಳತೆಗೆ ಬರೋಣ. ಮೊದಲ ಸಲ ಮುಚ್ಚಿದ ಬಾಕ್ಸನ್ನೇ ಮಾಡಿ. ಪೋರ್ಟ್ (ಗಾಳಿ ಆಡಲು ಬಿಟ್ಟ ಕೊಳವೆ) ಇರುವ ಬಾಕ್ಸ್ ಜೋರಾಗಿ ಕೇಳುತ್ತದೆ, ಆದರೆ ಲೆಕ್ಕ ಸ್ವಲ್ಪ ತಪ್ಪಿದರೂ ಒಂದೇ ಸ್ವರ ಗುಂಯ್‌ಗುಡುತ್ತದೆ. ಮುಚ್ಚಿದ ಬಾಕ್ಸ್ ಸಣ್ಣಪುಟ್ಟ ವ್ಯತ್ಯಾಸ ತಡೆದುಕೊಳ್ಳುತ್ತದೆ. ಎಷ್ಟು ಲೀಟರ್ ಬೇಕು ಅಂತ ಸ್ಪೀಕರಿನ ಜೊತೆ ಬಂದ ಹಾಳೆಯಲ್ಲಿರುತ್ತದೆ, ಅದನ್ನೇ ನಂಬಿ. 12 ಇಂಚಿನ ಬಹಳಷ್ಟು ಸಬ್‌ಗಳಿಗೆ ಒಂದು ಘನ ಅಡಿ, ಅಂದರೆ 28 ಲೀಟರ್ ಆಸುಪಾಸು ಸರಿಹೋಗುತ್ತದೆ. ಒಳ ಅಳತೆ 40, 32, 24 ಸೆಂ.ಮೀ. ಇಟ್ಟರೆ ಗುಣಿಸಿ ಸಾವಿರದಿಂದ ಭಾಗಿಸಿ: 30.7 ಲೀಟರ್. ಸ್ಪೀಕರಿನ ಹಿಂಭಾಗ, ಒಳಗಿನ ರೀಪುಗಳು ತಿನ್ನುವ ಜಾಗ ಕಳೆದರೆ 28ರ ಹತ್ತಿರ ಬರುತ್ತದೆ. ಹೊರ ಅಳತೆಗೆ ಉದ್ದ, ಅಗಲ, ಎತ್ತರ ಮೂರಕ್ಕೂ 3.6 ಸೆಂ.ಮೀ. (ಎರಡು ಹಲಗೆಯ ದಪ್ಪ) ಸೇರಿಸಿ. ಕೊಯ್ಯುವ ಕೆಲಸ ಪರಿಚಯದ ಆಚಾರಿಗೆ ಕೊಡಿ, ಮೆಷಿನ್‌ನಲ್ಲಿ ಕೊಯ್ದ ಅಂಚು ನೇರವಾಗಿರುತ್ತದೆ. ಸ್ಪೀಕರಿನ ತೂತನ್ನು ಜಿಗ್ಸಾದಲ್ಲಿ ನೀವೇ ಕೊಯ್ಯಬಹುದು.

ನೀರು ತಡೆಯುವ ಮರದ ಅಂಟನ್ನೇ ಹಚ್ಚಿ. ಡ್ರಿಲ್ಲಿನಲ್ಲಿ ಸಣ್ಣ ತೂತು ಮಾಡಿಕೊಂಡೇ ಸ್ಕ್ರೂ ಹಾಕಿ, ಇಲ್ಲದಿದ್ದರೆ ಪ್ಲೈ ಅಂಚು ಸೀಳುತ್ತದೆ. ಆಮೇಲೆ ಒಳಗಿನ ಎಲ್ಲ ಮೂಲೆಗೂ ಸಿಲಿಕಾನ್ ಎಳೆಯಿರಿ. ಅದರ ಹುಳಿ ವಾಸನೆ ಪೂರ್ತಿ ಹೋಗುವ ತನಕ ಸ್ಪೀಕರ್ ಕೂರಿಸಬೇಡಿ, ಆ ಆವಿ ಸ್ಪೀಕರಿಗೆ ಒಳ್ಳೆಯದಲ್ಲ. ತೂತಿನ ಅಂಚಿಗೂ ತಳಕ್ಕೂ ಎರಡು ಕೋಟ್ ಪೇಂಟ್ ಮರೆಯಬೇಡಿ. ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಅಂಟೂ ಪೇಂಟೂ ಸರಿಯಾಗಿ ಒಣಗುತ್ತವೆ. ಒಳಗೆ ತುಂಬುವುದಾದರೆ ಪಾಲಿಯೆಸ್ಟರ್ ದಿಂಬಿನ ನಾರು ಇರಲಿ. ಹತ್ತಿ ತೇವ ಹಿಡಿಯುತ್ತದೆ.

ಸೋರಿಕೆ ನೋಡಲು ಒಂದು ಅಗರಬತ್ತಿ ಸಾಕು. ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿ. 30–40 ಹರ್ಟ್ಸ್‌ನ ಟೋನ್ (ತೀರಾ ತಗ್ಗಿನ, ಒಂದೇ ಸಮನೆ ಬರುವ ಸದ್ದು) ಅನ್ನು ಸಬ್‌ನಲ್ಲಿ ಸಣ್ಣ ವಾಲ್ಯೂಮಿನಲ್ಲಿ ಹಾಕಿ ಅಗರಬತ್ತಿಯನ್ನು ಸಂದಿಗಳ ಉದ್ದಕ್ಕೂ ನಿಧಾನವಾಗಿ ಸರಿಸಿ. ನೇರ ಏರುವ ಹೊಗೆ ಎಲ್ಲಿ ನಡುಗುತ್ತದೋ ಅಲ್ಲೇ ಸೋರುತ್ತಿದೆ. ಹೆಚ್ಚಾಗಿ ಸಿಕ್ಕಿಬೀಳುವುದು ವಯರ್ ಸಿಕ್ಕಿಸುವ ಟರ್ಮಿನಲ್ ಸುತ್ತ.

ಕೊನೆಗೆ, ಸುಮ್ನೆ ಡಿಕ್ಕಿಯಲ್ಲಿಟ್ಟು ಹೊರಡಬೇಡಿ. ಸ್ಪೀಕರ್ ಸೇರಿ ಹೆಚ್ಚುಕಡಿಮೆ 15 ಕೆಜಿ ಆಗುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಅದು ಹಿಂದಿನ ಸೀಟಿನವರ ಮೇಲೇ ಬರುತ್ತದೆ. ಎಲ್ ಕ್ಲಾಂಪ್ ಹಾಕಿ ಬೋಲ್ಟ್ ಬಿಗಿಯಿರಿ. ಡ್ರಿಲ್ ಮಾಡುವ ಮೊದಲು ಕಾರಿನ ಅಡಿಗೆ ಬಗ್ಗಿ ಪೆಟ್ರೋಲ್ ಟ್ಯಾಂಕ್, ಪೈಪ್ ಎಲ್ಲಿವೆ ಅಂತ ಕಣ್ಣಾರೆ ನೋಡಿ. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ಎಳೆಯುವ ವಯರಿಗೆ ಬ್ಯಾಟರಿಯ ಹತ್ತಿರವೇ, ಒಂದೂವರೆ ಅಡಿಯೊಳಗೆ, ಫ್ಯೂಸ್ ಇರಲೇಬೇಕು. ವಯರ್ ಎಲ್ಲೋ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿ ಹತ್ತದಂತೆ ತಡೆಯುವುದು ಅದೊಂದೇ.