ದೇವರು ಎಲ್ಲೆಡೆ ಇರುವಾಗ ಪ್ರಾಣಪ್ರತಿಷ್ಠೆ ಏಕೆ?

ಪ್ರಶ್ನೆ: ದೇವರು ಸರ್ವಾಂತರ್ಯಾಮಿ ಎನ್ನುತ್ತಲೇ, ಮಂತ್ರಗಳಿಂದ ವಿಗ್ರಹಕ್ಕೆ ಪ್ರಾಣ ತುಂಬುತ್ತೇವೆ ಎನ್ನುವುದು ಪರಸ್ಪರ ವಿರುದ್ಧವಲ್ಲವೇ?

ಉತ್ತರ: ಇಲ್ಲದ ಕಡೆಗೆ ದೇವರನ್ನು ಕರೆತರುವುದೇ ಪ್ರತಿಷ್ಠೆ ಎಂದಾದರೆ ಈ ಆಕ್ಷೇಪ ಸರಿ. ದೇವಾಲಯ ಪೂಜಾವಿಧಿಗಳ ಶಾಸ್ತ್ರಗಳಾದ ಆಗಮಗಳ ನಿಲುವು ಬೇರೆ. ಮೇಲುಕೋಟೆಯಲ್ಲಿ ಆಚರಣೆಯಲ್ಲಿರುವ ಪಾಂಚರಾತ್ರವೆಂಬ ವೈಷ್ಣವ ಆಗಮ ಸಂಪ್ರದಾಯವು ಭಗವಂತನಿಗೆ ಪರ, ವ್ಯೂಹ, ವಿಭವ, ಅಂತರ್ಯಾಮಿ ಮತ್ತು ಅರ್ಚಾ (ಪೂಜಿಸುವ ವಿಗ್ರಹದ ರೂಪ) ಎಂಬ ಐದು ನೆಲೆಗಳನ್ನು ಹೇಳುತ್ತದೆ. ಅಂತರ್ಯಾಮಿಯಾಗಿ ಎಲ್ಲೆಡೆ ಇರುವವನನ್ನೇ, ಇಲ್ಲಿ ಈ ರೂಪದಲ್ಲಿ ನಿಂತು ನಮ್ಮ ಸೇವೆಯನ್ನು ಸ್ವೀಕರಿಸಬೇಕೆಂದು ಪ್ರಾರ್ಥಿಸುವುದು ಪ್ರತಿಷ್ಠೆ. ಆ ಸೇವೆಯನ್ನು ನಿಲ್ಲಿಸುವುದಿಲ್ಲವೆಂಬ ಮಾತು ಕೊಡುವುದೂ ಅದರಲ್ಲಿ ಅಡಗಿದೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಭಾಗವೇ ಹೆಚ್ಚು ಭಾರವಾದದ್ದು.

ಶಿಲ್ಪಿಯ ಕೈಯಿಂದ ಬಂದ ವಿಗ್ರಹವನ್ನು ನೇರವಾಗಿ ಪೀಠಕ್ಕೆ ಏರಿಸುವುದಿಲ್ಲ. ಅದನ್ನು ನೀರಿನಲ್ಲಿ, ಧಾನ್ಯದಲ್ಲಿ, ಹಾಸಿಗೆಯ ಮೇಲೆ ಇರಿಸುವ ಅಧಿವಾಸಗಳು, ಹೋಮ, ವಿಗ್ರಹದ ಅಂಗಾಂಗಗಳಲ್ಲಿ ಮಂತ್ರಗಳನ್ನು ನೆಲೆಗೊಳಿಸುವ ನ್ಯಾಸ, ಚಿನ್ನದ ಶಲಾಕೆಯಿಂದ ಕಣ್ಣು ತೆರೆಯುವ ನೇತ್ರೋನ್ಮೀಲನ, ಕೊನೆಗೆ ಕಲಶಾಭಿಷೇಕ, ಹೀಗೆ ವಿಧಿಗಳು ಹಲವು ದಿನ ನಡೆಯುತ್ತವೆ. ಕ್ರಮ ಮಾತ್ರ ಆಗಮದಿಂದ ಆಗಮಕ್ಕೆ ಬದಲಾಗುತ್ತದೆ. ಅಯೋಧ್ಯೆಯಲ್ಲಿ ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಬಾಲರಾಮನ ಪ್ರತಿಷ್ಠೆ 2024ರ ಜನವರಿ 22ರಂದು ನಡೆದರೂ, ಅದರ ಪೂರ್ವವಿಧಿಗಳು 16ರಂದೇ ಆರಂಭವಾಗಿದ್ದವು.

ಕಲ್ಲೂ ಅದರಲ್ಲಿ ನೆಲೆಸುವ ದೇವರ ಸಾನ್ನಿಧ್ಯವೂ ಒಂದೇ ಅಲ್ಲ ಎಂಬುದು ಜೀರ್ಣೋದ್ಧಾರದ ಸಮಯದಲ್ಲಿ ಸ್ಪಷ್ಟವಾಗುತ್ತದೆ. ವಿಗ್ರಹವನ್ನು ಪೀಠಕ್ಕೆ ಬಂಧಿಸುವ ಅಷ್ಟಬಂಧವು ಅರಗು, ಮೇಣ ಮೊದಲಾದ ಎಂಟು ದ್ರವ್ಯಗಳ ಪಾಕವಾದ್ದರಿಂದ ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಸಾಮಾನ್ಯವಾಗಿ 12 ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿ ಹಾಕಿ ಅಭಿಷೇಕ ಮಾಡುತ್ತಾರೆ. ಕರಾವಳಿಯ ಬ್ರಹ್ಮಕಲಶೋತ್ಸವದ ಸಂಭ್ರಮದ ಹಿಂದೆ ಇರುವುದು ಇದೇ. ಗರ್ಭಗುಡಿಯನ್ನೇ ದುರಸ್ತಿ ಮಾಡಬೇಕಾದಾಗ ತಂತ್ರಿಗಳು ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ಮುಂದುವರಿಸುತ್ತಾರೆ, ಮೂಲವಿಗ್ರಹವು ಅಷ್ಟು ಕಾಲ ಬರಿಯ ಶಿಲೆಯಾಗಿ ಉಳಿಯುತ್ತದೆ.

ಎರಡು ಹೊಯ್ಸಳ ಗುಡಿಗಳನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೇಲೂರಿನ ಚೆನ್ನಕೇಶವನಿಗೆ 1117ರಲ್ಲಿ ಪ್ರತಿಷ್ಠೆಯಾಯಿತು, ಅಲ್ಲಿ ಇಂದಿಗೂ ನಿತ್ಯಪೂಜೆ ಇದೆ. ಶಿಲ್ಪದಲ್ಲಿ ಅದಕ್ಕೆ ಸಾಟಿಯಾದ ಸೋಮನಾಥಪುರದಲ್ಲಿ ಮೂಲ ಕೇಶವನ ವಿಗ್ರಹವೇ ಉಳಿದಿಲ್ಲ. ಪೂಜೆಯಿಲ್ಲದ ಅದು ಈಗ ಸಂರಕ್ಷಿತ ಸ್ಮಾರಕ.

ಎಲ್ಲ ಧರ್ಮಗಳಲ್ಲೂ ಇದೇ ಕಲ್ಪನೆ ಇದೆ ಎಂದು ಭಾವಿಸಬಾರದು. ಜೈನರಲ್ಲಿ ಮುಕ್ತನಾದ ಜಿನನು ಮರಳಿ ಬರುವ ಪ್ರಶ್ನೆಯೇ ಇಲ್ಲ. ಅಲ್ಲಿ ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಪಂಚಕಲ್ಯಾಣಗಳನ್ನು ಆಚರಿಸಿ ಪ್ರತಿಮೆಯನ್ನು ಪೂಜಾರ್ಹಗೊಳಿಸುತ್ತಾರೆ.

ಮನೆಯ ವಿಷಯಕ್ಕೆ ಬಂದರೆ, ಚೌತಿಯ ಮಣ್ಣಿನ ಗಣಪನಲ್ಲಿ ಮಾಡುವ ಪ್ರಾಣಪ್ರತಿಷ್ಠೆ ನಿಗದಿತ ದಿನಗಳದ್ದು, ದೇವರನ್ನು ಬೀಳ್ಕೊಡುವ ಉದ್ವಾಸನೆಯ ನಂತರವೇ ವಿಸರ್ಜನೆ. ಸಾಲಿಗ್ರಾಮಕ್ಕೆ ಪ್ರತಿಷ್ಠೆಯೇ ಬೇಡ ಎನ್ನುತ್ತದೆ ಸಂಪ್ರದಾಯ. ಆದರೆ ಶಿಲಾವಿಗ್ರಹವನ್ನು ಮನೆಯಲ್ಲಿ ಸ್ಥಿರವಾಗಿ ಪ್ರತಿಷ್ಠಾಪಿಸಿದರೆ ನಿತ್ಯಪೂಜೆ, ನೈವೇದ್ಯಗಳು ತಪ್ಪುವಂತಿಲ್ಲ, ಊರಿಗೆ ಹೋದಾಗಲೂ ಯಾರಾದರೂ ಮಾಡಲೇಬೇಕು. ಆದ್ದರಿಂದಲೇ ಹಿರಿಯರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.